ಮನೋಳಿ ಹಾದಿ, ಜೀಪಿನ ಮುಂದಿನ ಗಾಲಿ

ಇಂಗ್ಲಿಷರ ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಮನೋಳಿಯ ಹೆಸರು ಬರುವುದು ಒಂದು ಮಳೆಗಾಲದ ಬೆನ್ನಟ್ಟುವಿಕೆಯಿಂದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ 1800ರ ಜುಲೈ 30ರಂದು, ಇಂಗ್ಲಿಷರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘನ ದಂಡನ್ನು ಇಲ್ಲಿಯೇ, ಮಲಪ್ರಭೆಯ ದಂಡೆಯ ಮೇಲೆ ಹಿಡಿದ. ಹೊಳೆ ತುಂಬಿತ್ತು. ನೀರಿಗೆ ಬಿದ್ದು ಸತ್ತವರು ಬಹಳ. ಧೋಂಡಿಯಾ ಅಂದು ಸಿಗಲಿಲ್ಲ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಹತ್ತಿರ ಸತ್ತ. ಈ ಕಥೆ ಹೇಳುವವರು ಕತ್ತಿ, ಕುದುರೆ ಎಂದೆಲ್ಲ ಹೇಳುತ್ತಾರೆ. ಕಮ್ಮಾರರ ಮನೆಯಲ್ಲಿ ಹುಟ್ಟಿದ ನನಗೆ ಅದರಲ್ಲಿ ಕಾಣುವುದು ತೋಪಿನ ಗಾಲಿ. ಜುಲೈ ತಿಂಗಳ ಎರೆ ಹೊಲದಲ್ಲಿ ಬರಿಗಾಲಿನಲ್ಲಿ ನಡೆದರೇ ಪಾದಕ್ಕೆ ಸೇರು ಮಣ್ಣು ಮೆತ್ತುತ್ತದೆ. ಅಂಥದರಲ್ಲಿ ತೋಪು ಎಳೆಸುವುದು ಹುಡುಗಾಟವಲ್ಲ. ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ಎತ್ತಿನ ಚಿಂತೆ ಪದೇ ಪದೇ ಮಾಡಿದ್ದು ಸುಮ್ಮನೆ ಅಲ್ಲ. ಆ ಬೆನ್ನಟ್ಟುವಿಕೆಯಲ್ಲಿ ಅವನಿಗೆ ಆಧಾರವಾದದ್ದು ಎತ್ತುಗಳೇ.

ಎರೆ ಮಣ್ಣಿನ ಸ್ವಭಾವ ಇವತ್ತಿಗೂ ಬದಲಾಗಿಲ್ಲ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಚಕ್ಕಡಿಯ ಹಳಿ ಕೊರೆದ ಜಾಡು ಒಣಗಿದರೆ ಕಲ್ಲಾಗುತ್ತದೆ. ಸವದತ್ತಿ, ರಾಮದುರ್ಗ, ಬೈಲಹೊಂಗಲ ಸುತ್ತಿನ ಗಾಲಿ ಕೆಲಸದವರ ವಿದ್ಯೆಯೆಲ್ಲ ಈ ಮಣ್ಣಿನಲ್ಲಿ ಕಲಿತದ್ದು.

ನಮ್ಮ ಅಜ್ಜ ಚಕ್ಕಡಿ ಗಾಲಿಗೆ ಹಳಿ ಏರಿಸುತ್ತಿದ್ದ. ಬಡಿಗರು ಗುಂಬ, ಅರ, ವಟ್ಟಿ ಕೂಡಿಸಿ ಕೊಟ್ಟ ಗಾಲಿಗಿಂತ ಒಂದಿಷ್ಟು ಸಣ್ಣದಾಗಿ ಹಳಿ ಬಡಿದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಕೂರಿಸಿ ನೀರು ಹೊಯ್ದರೆ ಅದು ಚಟಚಟನೆ ಬಿಗಿಯುತ್ತಿತ್ತು. ಭಾರತ ಹುಣ್ಣಿವೆಯ ಮುಂಚೆ ಅವನಿಗೆ ಉಣ್ಣಲೂ ಪುರುಸೊತ್ತಿರುತ್ತಿರಲಿಲ್ಲವಂತೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಸಾಲು ನಿಲ್ಲುತ್ತಿದ್ದವು; ಹಳಿ ಸಡಿಲಾಗಿದೆಯೇ, ಕಡಾಣಿ ಸವೆದಿದೆಯೇ, ಕೀಲೆಣ್ಣೆ ಹಾಕಿದೆಯೇ ಎಂದು ತೋರಿಸಿಕೊಂಡೇ ಮುಂದೆ ಹೋಗುವುದು. ಚಕ್ಕಡಿಯ ಗಾಲಿ ಅಚ್ಚಿನ ಮೇಲೆ ಒಂದು ಬೆರಳಷ್ಟು ಆಚೀಚೆ ಸರಿದಾಡಬೇಕು. ಸರಿದಾಡದಿದ್ದರೆ ಅಚ್ಚು ಕಾಯುತ್ತದೆ, ಎತ್ತು ಸೋಲುತ್ತದೆ. ಚಕ್ಕಡಿ ಬಿಟ್ಟು ಜೀಪು ಹಿಡಿದವರಿಗೆ ಈ ರೂಢಿಯೇ ಮುಳುವಾಯಿತು ಎಂಬುದು ನನ್ನ ಎಣಿಕೆ. ಗಾಲಿ ಒಂದಿಷ್ಟು ಅಲುಗಿದರೆ ಅವರಿಗೆ ಅದು ರೋಗ ಎನಿಸಲೇ ಇಲ್ಲ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೆ. ವಿಲ್ಲಿಸ್ ಮತ್ತು ಫೋರ್ಡ್ ಕೂಡಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1947ರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲಿಸ್ ಬಿಡಿಭಾಗ ತರಿಸಿ ಇಲ್ಲಿಯೇ ಜೋಡಿಸತೊಡಗಿತು. ಆಮೇಲೆ ಬಂದದ್ದು ಸಿಜೆ3ಬಿ, ಎತ್ತರದ ಬಾನೆಟ್ಟಿನದು. ಅಮೆರಿಕದಲ್ಲಿ 1968ಕ್ಕೆ ಅದರ ತಯಾರಿಕೆ ನಿಂತರೂ ನಮ್ಮಲ್ಲಿ ಅದೇ ಅಚ್ಚಿನ ಗಾಡಿಗಳು ದಶಕಗಟ್ಟಲೆ ಬರುತ್ತಲೇ ಇದ್ದವು. ನಮ್ಮ ಊರಿಗೆ ಜೀಪಿನ ಧೂಳು ಹಿಡಿಸಿದ್ದು ನವಿಲುತೀರ್ಥದ ಡ್ಯಾಮು. ಮಲಪ್ರಭೆ ಗುಡ್ಡ ಸೀಳಿಕೊಂಡು ಬರುವ ಆ ಇಕ್ಕಟ್ಟಿನಲ್ಲಿ 1960ರ ದಶಕದಲ್ಲಿ ಕಟ್ಟುವ ಕೆಲಸ ನಡೆದು, 1970ರ ದಶಕದ ಮೊದಲಲ್ಲಿ ಮುಗಿಯಿತು. ಎಂಜಿನಿಯರರು, ಓವರ್‌ಸಿಯರರು, ಕಾಂಟ್ರ್ಯಾಕ್ಟರರು ಎಲ್ಲರೂ ಜೀಪಿನವರೇ. ಕಾಲುವೆ ಅಗೆಯುವ ಜಾಗಕ್ಕೆ ರಸ್ತೆ ಎಲ್ಲಿಯದು? ಚಕ್ಕಡಿ ಜಾಡೇ ರಸ್ತೆ. ಜೀಪಿನ ಎರಡು ಗಾಲಿಗಳ ನಡುವಿನ ಅಂತರ ನಾಲ್ಕು ಅಡಿಯ ಆಸುಪಾಸು, ಚಕ್ಕಡಿಯದು ಅದಕ್ಕಿಂತ ಅಗಲ. ಹೀಗಾಗಿ ಒಂದು ಗಾಲಿ ಜಾಡಿನೊಳಗೆ ಇಳಿದರೆ ಇನ್ನೊಂದು ದಿಬ್ಬದ ಮೇಲೆ. ಹೊಡೆತವೆಲ್ಲ ಮುಂದಿನ ಅಚ್ಚಿಗೆ. ನಮ್ಮ ಅಪ್ಪ ಸುತ್ತಿಗೆ ಇಟ್ಟು ಪಾನಾ ಹಿಡಿದದ್ದು ಆಗ.

ಅಪ್ಪನ ಕೆಲಸದ ಕ್ರಮ ಈಗಿನ ಹುಡುಗರಿಗೆ ನಿಧಾನ ಎನಿಸುತ್ತದೆ. ಡ್ರೈವರ್ ಬಂದು, "ಗಾಡಿ ಹೊಯ್ದಾಡತೈತಿ, ಸ್ಟೇರಿಂಗ್ ಬಾಕ್ಸ್ ಹೋಗೇತಿ, ಟೈಟ್ ಮಾಡ್ರಿ" ಅಂದರೆ, ಅಪ್ಪನ ಮೊದಲ ಮಾತು "ಮೊದಲ ಕೆಸರ ತಗಿ." ಇದು ಸ್ವಚ್ಛತೆಯ ಪಾಠವಲ್ಲ. ರಿಮ್ಮಿನ ಒಳಬದಿಗೆ ಎರೆ ಮಣ್ಣು ಮೆತ್ತಿ ಒಣಗಿದರೆ ಗಾಲಿಯ ತೂಕ ಒಂದು ಕಡೆ ವಾಲುತ್ತದೆ. ವೇಗ ಹಿಡಿದಾಗ ಸ್ಟೇರಿಂಗು ಮೊರದಲ್ಲಿ ಜೋಳ ಹಸನು ಮಾಡಿದ ಹಾಗೆ ಅಲ್ಲಾಡುತ್ತದೆ. ಎಷ್ಟೋ ರೋಗ ಒಂದು ಕೊಡ ನೀರಿಗೇ ವಾಸಿ. ಆಮೇಲೆ ಟೈರಿನ ಮೇಲೆ ಅಡ್ಡಡ್ಡ ಅಂಗೈ ಆಡಿಸುವುದು. ಒಂದು ಕಡೆ ಹೋಗುವಾಗ ನುಣುಪು, ತಿರುಗಿ ಬರುವಾಗ ಗರಗಸದ ಹಲ್ಲು ತಾಗಿದಂತಾದರೆ ಟೋ-ಇನ್, ಅಂದರೆ ಮುಂದಿನ ಗಾಲಿಗಳು ಒಳಮುಖವಾಗಿರುವ ಅಳತೆ, ತಪ್ಪಿದೆ ಎಂದು ಗೊತ್ತು.

ಮುಂದೆ ಇಬ್ಬರು ಬೇಕು. ಗಾಡಿ ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಒಬ್ಬ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರು ಚೂರೇ ಅಲುಗಿಸಬೇಕು. ಇನ್ನೊಬ್ಬ ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈ ಇಟ್ಟು ನೋಡಬೇಕು. ಬಾಕ್ಸಿನಿಂದ ಡ್ರ್ಯಾಗ್ ಲಿಂಕ್, ಅಲ್ಲಿಂದ ನಡುವಿನ ಬೆಲ್ ಕ್ರ್ಯಾಂಕ್, ಅಲ್ಲಿಂದ ಎರಡೂ ಗಾಲಿಗೆ ಟೈರಾಡ್. ಎಲ್ಲಿ ಒಂದು ತುಂಡು ಹೊರಟ ಮೇಲೆ ಮತ್ತೊಂದು ತಡವಾಗಿ ಹೊರಡುತ್ತದೆಯೋ ಅಲ್ಲಿ ಸವೆತ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. ಹಳೆಯ ಜೀಪಿನಲ್ಲಿ ಹತ್ತಕ್ಕೆ ಆರು ಸಲ ಆ ತಡ ಸಿಗುವುದು ಬೆಲ್ ಕ್ರ್ಯಾಂಕಿನ ಪಿನ್ನಿನಲ್ಲಿ. ಚಾಸಿಯ ಮುಂದಿನ ಅಡ್ಡಪಟ್ಟಿಯ ಕೆಳಗೆ, ಕೆಸರು ನೇರ ಬಡಿಯುವ ಜಾಗದಲ್ಲಿ ಇರುತ್ತದೆ ಪಾಪ. ಗ್ರೀಸ್ ಗನ್ ಅಲ್ಲಿಗೆ ಹೋಗುವುದೇ ಅಪರೂಪ.

ಇನ್ನು ಜ್ಯಾಕ್. ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲುಗಿಸಿದಾಗ ಪ್ಲೇ, ಅಂದರೆ ಸಡಿಲ, ಕಂಡರೆ ಅದು ಗಾಲಿ ಬೇರಿಂಗಿನದೋ, ಕಿಂಗ್‌ಪಿನ್ನಿನದೋ? ಇದಕ್ಕೆ ಅಪ್ಪನ ಉಪಾಯ ಬಲು ಸರಳ. ಒಬ್ಬನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸು. ಪ್ಲೇ ಮಾಯವಾದರೆ ಗಾಲಿ ಬೇರಿಂಗು. ಬ್ರೇಕು ಡ್ರಮ್ಮನ್ನು ಹಿಡಿದು ಅದನ್ನು ಮುಚ್ಚಿತು. ಉಳಿದರೆ ಕಿಂಗ್‌ಪಿನ್ನು. ಮುಂದಿನ ಅಚ್ಚಿನ ತುದಿಯ ಗುಂಡಿನ ಮೇಲೂ ಕೆಳಗೂ ಒಂದೊಂದು ಬೇರಿಂಗ್ ಇರುತ್ತದೆ, ಮುಚ್ಚಳದಡಿ ತೆಳ್ಳನೆಯ ಶಿಮ್ಮುಗಳು. ಫೆಲ್ಟ್ ಸೀಲ್ ಹರಿದು ಕೆಸರು ಒಳಗೆ ಹೋದರೆ ಕೆಳಗಿನದು ಮೊದಲು ಸಾಯುತ್ತದೆ, ಭಾರ ಹೊರುವುದು ಅದೇ. ಬಿಚ್ಚಿದ ಕಪ್ಪನ್ನು ಒರೆಸಿ ಉಗುರು ಆಡಿಸಿದರೆ ರೋಲರು ಕೂತ ಸಾಲು ಸಾಲು ಗುಳಿ ಸಿಗುತ್ತದೆ. ಗಾಡಿ ಹೆಚ್ಚು ಹೊತ್ತು ನೇರವೇ ಓಡುವುದರಿಂದ ಏಟೆಲ್ಲ ಒಂದೇ ಜಾಗಕ್ಕೆ. ಇಂಥ ಗಾಡಿ 40-50 ಕಿ.ಮೀ. ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಎರಡೂ ಗಾಲಿ ಗಡಗಡ ನಡುಗುತ್ತವೆ, ಗಾಡಿ ನಿಲ್ಲಿಸುವ ತನಕ ಬಿಡುವುದಿಲ್ಲ.

ಗಾಡಿ ಒಂದೇ ಕಡೆ ಎಳೆದರೆ ಅಪ್ಪ ಸುತಳಿ ತೆಗೆಯುತ್ತಿದ್ದ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ, ಸಿಜೆ3ಬಿ ಆದರೆ 80 ಇಂಚು, ಎರಡೂ ಬದಿ. ಒಂದು ಬದಿ ಕಡಿಮೆ ಬಂತೋ, ಯು ಬೋಲ್ಟ್ ಸಡಿಲಾಗಿ ಕಮಾನ್ ಪಾಟಾದ (ಲೀಫ್ ಸ್ಪ್ರಿಂಗಿನ) ಸೆಂಟರ್ ಬೋಲ್ಟ್ ತುಂಡಾಗಿದೆ, ಅಚ್ಚೇ ಹಿಂದೆ ಸರಿದಿದೆ. ಇಂಥದಕ್ಕೆ ಸ್ಟೇರಿಂಗ್ ಬಾಕ್ಸ್ ಏನು ಮಾಡೀತು?

ಬಾಕ್ಸಿನ ಮೇಲೆ ಇಷ್ಟೊಂದು ಅಪವಾದ ಬಂದದ್ದಕ್ಕೆ ಕಾರಣ ಅದರ ಪಕ್ಕದ ಒಂದು ಸ್ಕ್ರೂ. ವಿಲ್ಲಿಸ್ ಕಾಲದಿಂದ ಬಂದ ರಾಸ್ ಬಾಕ್ಸಿನೊಳಗೆ ತಿರುಪಿನಂಥ ಕ್ಯಾಮ್, ಅದರ ತೋಡಿನಲ್ಲಿ ಓಡಾಡುವ ಲಿವರ್ ಮೊಳೆಗಳು. ಹೊರಗಿನ ಸ್ಕ್ರೂ ಬಿಗಿದರೆ ಮೊಳೆ ಕ್ಯಾಮಿಗೆ ಒತ್ತುತ್ತದೆ, ಸ್ಟೇರಿಂಗು ತಕ್ಷಣ ಬಿಗಿಯಾದಂತೆ ಅನಿಸುತ್ತದೆ, ಗಿರಾಕಿ ಖುಷಿ, ಕೆಲಸ ಐದು ನಿಮಿಷದ್ದು. ಆದರೆ ಕ್ಯಾಮ್ ಸವೆಯುವುದು ನಡುವೆ. ನಡುವಿನ ಸಡಿಲಕ್ಕೆ ಬಿಗಿದರೆ ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಜೋಗುಳಬಾವಿಯ ಕಡೆಯ ಇಳಿಜಾರಿನಲ್ಲಿ ತಿರುಗಿಸಿದ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದಿಲ್ಲ. ನಮ್ಮ ಭಾಗದ ಗ್ಯಾರೇಜುಗಳ ಅತಿ ಹಳೆಯ ಪಾಪ ಇದೇ ಎಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ.

ಆ ಪಾಪ ಹೆಚ್ಚಿದ್ದು ಜೀಪಿನಲ್ಲಿ ಬಾಡಿಗೆಗೆ ಜನ ತುಂಬಿ ಓಡಿಸುವ ವಡಾಪ್ ಕಾಲದಲ್ಲಿ. ಪೆಟ್ರೋಲ್ ತುಟ್ಟಿಯಾಯಿತು. ಮಾಲೀಕರು ಹಳೆಯ ಎಂಜಿನ್ ಕಿತ್ತು ಭಾರದ ಡೀಸೆಲ್ ಎಂಜಿನ್ ಕೂರಿಸಿದರು. ಮುಂದಿನ ಕಮಾನು ಕುಸಿಯಿತು. ಕುಸಿದದ್ದಕ್ಕೆ ಒಂದು ಪಾಟಾ ಸೇರಿಸಿದರು, ಕೆಲವರು ಎರಡು. ಕಮಾನು ಎತ್ತರವಾಗಿ ಡ್ರ್ಯಾಗ್ ಲಿಂಕಿನ ಕೋನ ಕೆಟ್ಟಿತು. ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗು ತಾನೇ ತಿರುಗತೊಡಗಿತು. ಇದರ ಮೇಲೆ ಹುಣ್ಣಿವೆಯ ಜನ. ಹಿಂದೆ ಬಾಗಿಲಿಗೆ ಜೋತುಬಿದ್ದವರ ಭಾರಕ್ಕೆ ಮೂತಿ ಮೇಲೇಳುತ್ತದೆ, ಮುಂದಿನ ಗಾಲಿಗೆ ನೆಲದ ಹಿಡಿತ ಕಡಿಮೆಯಾಗಿ ಗಾಡಿ ತೇಲಾಡುತ್ತದೆ. ಡ್ರೈವರ್ ಬೈಯುವುದು ಮಾತ್ರ ಮಿಸ್ತ್ರಿಗೆ. ಉಧೋ ಉಧೋ ಅನ್ನುತ್ತ ಎಲ್ಲರೂ ಕ್ಷೇಮವಾಗಿ ಹೋಗಿ ಬಂದದ್ದರಲ್ಲಿ ಯಲ್ಲಮ್ಮನ ಪಾಲೇ ಹೆಚ್ಚು ಅಂತ ಅಪ್ಪ ನಗುತ್ತಿದ್ದ.

ಆಮೇಲೆ ಟ್ರ್ಯಾಕ್ಸ್, ಕ್ರೂಸರ್ ಬಂದವು, ಊರೊಳಗೆ ಟಂಟಂ ಬಂತು. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಸಿಆರ್‌ಡಿಇ ಗಾಡಿಯ ಮುಂದೆ ಕಮಾನ್ ಪಾಟಾ ಇಲ್ಲ, ಟಾರ್ಷನ್ ಬಾರ್. 2020ರ ಥಾರ್‌ಗೆ ಕಾಯಿಲ್ ಸ್ಪ್ರಿಂಗು. ಅದರಲ್ಲಿ ಕಿಂಗ್‌ಪಿನ್ನೇ ಇಲ್ಲ, ಬಾಲ್ ಜಾಯಿಂಟ್. ಒಳ್ಳೆಯ ಗಾಡಿ, ತಕರಾರಿಲ್ಲ. ಆದರೆ ಕಬ್ಬಿನ ಹೊಲಕ್ಕೆ, ತೋಟಕ್ಕೆ ಮಹೀಂದ್ರದ ಹಳೆಯ ಮೇಜರ್, 540 ಜೀಪು ಇಟ್ಟುಕೊಂಡವರು ಈ ಸುತ್ತಿನಲ್ಲಿ ಇನ್ನೂ ಇದ್ದಾರೆ. ಈಚೆಗೆ ಪಟ್ಟಣದ ಹುಡುಗರೂ ಷೋಕಿಗೆ ಕೊಳ್ಳುತ್ತಿದ್ದಾರೆ. ಬಣ್ಣಕ್ಕೆ, ಅಗಲ ಟೈರಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಅಗಲ ಟೈರಿನಿಂದ ಕಿಂಗ್‌ಪಿನ್ನಿನ ಮೇಲೆ ಹೊಡೆತ ಇನ್ನೂ ಹೆಚ್ಚು ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ.

ಹಳೆಯ ಜೀಪು ಕೊಳ್ಳುವವರಿಗೆ ನನ್ನದೊಂದು ವಿನಂತಿ. ಪೇಂಟು, ಹುಡ್ಡು ನೋಡುವ ಮೊದಲು ಮುಂದಿನ ಗಾಲಿ ಜ್ಯಾಕಿಗೆ ಎತ್ತಿಸಿರಿ, ಬ್ರೇಕ್ ಒತ್ತಿಸಿ ಅಲುಗಿಸಿ ನೋಡಿರಿ, ಎರಡೂ ಬದಿಗೆ ಸುತಳಿ ಹಿಡಿಯಿರಿ. ಕೆಳಗೆ ಮಲಗಿ ಒಂದು ಕೀಲನ್ನೂ ಮುಟ್ಟದೆ ನೇರ ಸ್ಟೇರಿಂಗ್ ಬಾಕ್ಸಿನ ಸ್ಕ್ರೂಗೆ ಕೈ ಹಾಕುವ ಮಿಸ್ತ್ರಿ ಸಿಕ್ಕರೆ, ಗಾಡಿಯನ್ನು ಅಲ್ಲಿಂದ ಹೊರಗೆ ತೆಗೆಯಿರಿ.