ಶಿರೊಕ್ಕೊ: ಒಂದು ಗಾಳಿಯ ಹೆಸರು

ಸಂಜೆ ರೇಡಿಯೋದಲ್ಲಿ ಹವಾಮಾನದ ವರದಿ ಬರುವಾಗ ತಾವು ಕಿವಿಗೊಡುತ್ತೀರಷ್ಟೆ. ಅದರಲ್ಲಿ ಗಾಳಿಗೆ ದಿಕ್ಕುಂಟು, ವೇಗವುಂಟು; ಹೆಸರಿಲ್ಲ. ಇಟಲಿಯ ನಾವಿಕರಾದರೋ ಎಂಟು ದಿಕ್ಕಿನ ಗಾಳಿಗಳಿಗೂ ಒಂದೊಂದು ಹೆಸರಿಟ್ಟರು. ಆಗ್ನೇಯದಿಂದ ಬೀಸುವ ಗಾಳಿಯೇ ‘ಶಿರೊಕ್ಕೊ’.

ಶಬ್ದದ ಮೂಲ ಅರಬ್ಬೀ. ಆ ಭಾಷೆಯಲ್ಲಿ ‘ಶರ್ಕ್’ ಎಂದರೆ ಪೂರ್ವ, ಸೂರ್ಯನು ಮೂಡುವ ಕಡೆ. ಮೆಡಿಟರೇನಿಯನ್ ಸಮುದ್ರದಲ್ಲಿ ಅರಬ್ಬರೂ ಇಟಲಿಯವರೂ ಕೊಳುಕೊಡೆ ನಡೆಸುತ್ತಿದ್ದ ಕಾಲದಲ್ಲಿ ಸರಕಿನೊಡನೆ ಶಬ್ದವೂ ದಡ ಸೇರಿತು. ನೇರ ಪೂರ್ವದ ಗಾಳಿಗೆ ಇಟಲಿಯವರು ‘ಲೆವಾಂತೆ’ ಎನ್ನುತ್ತಾರೆ. ಅದರ ಅರ್ಥವೂ ಏಳುವುದು ಎಂದೇ. ನಮ್ಮ ‘ಮೂಡಣ’ವನ್ನು ನೆನೆದುಕೊಳ್ಳಿ. ಭಾಷೆ ಮೂರು, ಮೂವರೂ ನೋಡಿದ್ದು ಒಂದೇ ಸೂರ್ಯನನ್ನು.

ಈ ಗಾಳಿ ಹುಟ್ಟುವುದು ಸಹಾರಾ ಮರುಭೂಮಿಯಲ್ಲಿ. ಅಲ್ಲಿ ಅದು ಒಣಗಾಳಿ, ಧೂಳಿನ ಗಾಳಿ. ಸಮುದ್ರ ದಾಟುವಾಗ ನೀರುಂಡು ಇಟಲಿಗೆ ಬರುವ ಹೊತ್ತಿಗೆ ಬೆವರಿಳಿಸುವ ಸೆಕೆಯಾಗುತ್ತದೆ. ಆ ಧೂಳು ಮಳೆಯೊಡನೆ ಬೆರೆತು ಕೆಂಪಾಗಿ ಸುರಿಯುವುದೂ ಉಂಟು. ಸಿಸಿಲಿಯ ಪಲೆರ್ಮೋ ನಗರದ ಸಿರಿವಂತರು ಇದರ ಬಾಧೆಯಿಂದ ಪಾರಾಗಲು ನೆಲದಡಿಯ ಬಂಡೆಯನ್ನು ಕೊರೆದು ತಂಪು ಕೋಣೆಗಳನ್ನು ಮಾಡಿಸಿಕೊಂಡರು. ಅವುಗಳಿಗೆ ‘ಶಿರೊಕ್ಕೊ ಕೋಣೆ’ ಎಂದೇ ಹೆಸರು.

ವೆನಿಸ್ ನಗರದಲ್ಲಿ ಈ ಶಬ್ದದ ಅರ್ಥ ಇನ್ನೂ ಗಂಭೀರ. ಉದ್ದವಾಗಿ, ಕಿರಿದಾಗಿ ಚಾಚಿರುವ ಏಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿದೆ ಆ ನಗರ. ಶಿರೊಕ್ಕೊ ಆ ಸಮುದ್ರದ ಉದ್ದಕ್ಕೂ ಬೀಸಿ ನೀರನ್ನು ಅತ್ತ ತಳ್ಳುತ್ತದೆ. ಉಬ್ಬರವೂ ಜೊತೆಗೂಡಿದರೆ ನೀರು ಬೀದಿಗೇರುತ್ತದೆ. 1966ರ ನವೆಂಬರ್ 4ರಂದು ಅದು ಅಳತೆಯ ಗೆರೆಯಿಂದ 194 ಸೆಂಟಿಮೀಟರ್ ಏರಿತು. 2019ರ ನವೆಂಬರ್ 12ರಂದು ಮತ್ತೆ 187 ಸೆಂಟಿಮೀಟರ್. ಸಮುದ್ರದ ನೀರು ಒಳನುಗ್ಗುವ ಮೂರು ದ್ವಾರಗಳಲ್ಲಿ ಈಗ 78 ಉಕ್ಕಿನ ಬಾಗಿಲುಗಳಿವೆ. ನಿಜವಾದ ಉಬ್ಬರವನ್ನು ತಡೆಯಲು ಅವನ್ನು ಮೊದಲ ಸಲ ಎತ್ತಿದ್ದು 2020ರ ಅಕ್ಟೋಬರ್ 3ರಂದು. ಅದಕ್ಕೆ ಮುಂಚೆ ಎಷ್ಟೋ ತಲೆಮಾರುಗಳಿಗೆ ಆ ಹೆಸರೇ ಮುನ್ನೆಚ್ಚರಿಕೆ. ‘ಶಿರೊಕ್ಕೊ ಎದ್ದಿದೆ’ ಎಂದರೆ ಅಂಗಡಿಯವನು ಸರಕನ್ನು ಮೇಲಕ್ಕೆ ಎತ್ತಿಡಬೇಕೆಂದೇ ಅರ್ಥ.

ಪರಭಾಷೆಯ ಶಬ್ದವೆಂದು ಇಟಲಿಯವರು ಇದನ್ನು ದೂರವಿಡಲಿಲ್ಲ. ಬಾಳಿಗೆ ಬೇಕಾದದ್ದನ್ನು ಮನೆಮಾತಾಗಿ ಮಾಡಿಕೊಂಡರು. ನಾವೂ ಬೇರೆಯವರಲ್ಲ. ‘ಹವಾಮಾನ’ದಲ್ಲಿ ‘ಮಾನ’ ಸಂಸ್ಕೃತ, ‘ಹವಾ’ ಅರಬ್ಬಿಯದು. ನಾಳೆ ಸಂಜೆ ಆ ಮಾತು ಕಿವಿಗೆ ಬಿದ್ದಾಗ ಇದನ್ನೂ ನೆನೆಯುವಿರಲ್ಲವೆ?