ಪೊರೆ ಕೆಡವಿದ ಕಣ್ಣುಗಳು

ನೆಲ್ಯಾಡಿಯ ಸೀಮೆಯು 1956ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದಿತು. ಆದುದರಿಂದ ಅಲ್ಲಿಯ ನೇತ್ರವೈದ್ಯದ ಪೂರ್ವಕಥೆಯನ್ನು ಅರಿಯಲು ನಾವು ಮದರಾಸಿನತ್ತ ತಿರುಗಬೇಕಾಗುತ್ತದೆ. ಆ ನಗರದಲ್ಲಿ 1819ರಷ್ಟು ಹಿಂದೆಯೇ ಕಣ್ಣಿನ ಆಸ್ಪತ್ರೆಯೊಂದು ಸ್ಥಾಪಿತವಾಯಿತು.

ಅದಕ್ಕೂ ಬಹು ಹಿಂದಿನಿಂದ ನಮ್ಮ ದೇಶದಲ್ಲಿ ಪೊರೆಗೆ ಶಸ್ತ್ರಚಿಕಿತ್ಸೆಯಿದ್ದಿತು. ಸುಶ್ರುತಸಂಹಿತೆಯು ಲಿಂಗನಾಶವೆಂಬ ವ್ಯಾಧಿಗೆ ಜವೆಯ ಕಾಳಿನಂಥ ಮೊನೆಯುಳ್ಳ ಶಲಾಕೆಯನ್ನು ವಿಧಿಸುತ್ತದೆ. ಕಾಲಾಂತರದಲ್ಲಿ ಈ ವಿದ್ಯೆಯು ಊರೂರು ತಿರುಗುವವರ ಕೈಸೇರಿತು. ಅವರು ಮಂಜಾದ ಮಸೂರವನ್ನು ಹೊರಕ್ಕೆ ತೆಗೆಯುತ್ತಿರಲಿಲ್ಲ. ಸೂಜಿಯಿಂದ ಕಣ್ಣಿನೊಳಗೇ ಹಿಂದಕ್ಕೆ ಕೆಡವುತ್ತಿದ್ದರು. ಒಡನೆಯೇ ಬೆಳಕು ಕಾಣುವುದು. ರೋಗಿಗೆ ಆನಂದ, ವೈದ್ಯನಿಗೆ ದಕ್ಷಿಣೆ. ಮುಂದಾಗುವುದನ್ನು ನೋಡಲು ಆ ವೈದ್ಯನು ಊರಿನಲ್ಲಿರುತ್ತಿರಲಿಲ್ಲ.

ನೋಡಿದವನು ರಾಬರ್ಟ್ ಹೆನ್ರಿ ಎಲಿಯಟ್. 1904ರಿಂದ 1913ರವರೆಗೆ ಮದರಾಸಿನ ಸರ್ಕಾರಿ ನೇತ್ರಾಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ಈತನು ಹೀಗೆ ಕೆಟ್ಟ ಕಣ್ಣುಗಳನ್ನು ಸಂಗ್ರಹಿಸಿ, ಛೇದಿಸಿ ಪರೀಕ್ಷಿಸಿದನು. ಅಶುದ್ಧವಾದ ಸೂಜಿಯೊಡನೆ ಹೊಕ್ಕ ಸೋಂಕಿನಿಂದ ಕೆಲವು ಉರಿಯೂತಕ್ಕೀಡಾಗಿದ್ದವು. ಕೆಲವದರಲ್ಲಿ ಒಳದ್ರವವು ಹೊರಹರಿಯಲಾರದೆ ಒತ್ತಡವೇರಿ, ದೃಷ್ಟಿಯ ನರವೇ ನಶಿಸಿದ್ದಿತು, ಇದೇ ಗ್ಲಾಕೋಮ. ಈ ರೋಗಕ್ಕೆ ಕಣ್ಣಿನ ಬಿಳಿಭಾಗದ ಅಂಚಿನಲ್ಲಿ ಕಿರುರಂಧ್ರವನ್ನು ಕೊರೆದು ದ್ರವಕ್ಕೆ ದಾರಿಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದವನೂ ಎಲಿಯಟ್ಟನೇ. (ಮುಂದೆ ಲಂಡನ್ನಿನ ಮಾಂತ್ರಿಕರ ಸಂಘದಲ್ಲಿ ಕುಳಿತು ನಮ್ಮ ಹಗ್ಗದ ಇಂದ್ರಜಾಲವನ್ನು ಪರೀಕ್ಷೆಗೆ ಕರೆದವನೂ ಈತನೇ ಎಂಬುದು ವಿನೋದ.)

ತಿರುಗಾಡುವ ವೈದ್ಯರ ವಿಷಯದಲ್ಲಿ ಆತನ ತೀರ್ಪು ಕಠಿಣವಾದುದು. ವೈದ್ಯದೃಷ್ಟಿಯಿಂದ ನಾವೂ ಒಪ್ಪುತ್ತೇವೆ. ಆದರೆ ಘಟ್ಟದಡಿಯ ಕುರುಡನಿಗೆ ಮದರಾಸಿನ ಆಸ್ಪತ್ರೆಯು ಹೆಸರಿಗೆ ಮಾತ್ರ ತನ್ನದು. ಸೂಜಿಯವನಾದರೋ ಮನೆಯ ಜಗಲಿಗೇ ಬರುತ್ತಿದ್ದನು. ಕನ್ನಡನಾಡಿನಲ್ಲಿ ಶಸ್ತ್ರವೈದ್ಯವನ್ನೇ ಹಳ್ಳಿಗಳತ್ತ ಒಯ್ದವರಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರು ಪ್ರಮುಖರು, 1940ರ ದಶಕದಲ್ಲಿ ಆರಂಭವಾದ ಅವರ ಶಿಬಿರಗಳಲ್ಲಿ ಪೊರೆಯನ್ನು ಕೆಡವದೆ ಹೊರಕ್ಕೆ ತೆಗೆಯುತ್ತಿದ್ದರು.