ಗ್ರಾಮಾರೋಗ್ಯ ಸೇವಕರ ಕಾರ್ಯಭಾರದ ಅಳತೆ

ಹೊಯ್ಸಳರ ದಾನಶಾಸನಗಳನ್ನು ಪರಿಶೀಲಿಸಿದವರಿಗೆ ಒಂದು ಸಂಗತಿ ಸುಪರಿಚಿತವಾಗಿರುವುದು. ದೇವರ ಅಂಗಭೋಗ ರಂಗಭೋಗಗಳಿಗೆಂದು ಭೂಮಿಯನ್ನು ಬಿಡುವಾಗ, ಯಾವ ಸೇವೆಗೆ ಎಷ್ಟು ವೃತ್ತಿಯೆಂಬುದನ್ನು ಅವು ಅನೇಕ ವೇಳೆ ಬಿಡಿಬಿಡಿಯಾಗಿ ಹೇಳುತ್ತವೆ. ಕೆಲಸವನ್ನು ಮೊದಲು ಎಣಿಸಿ, ಅನಂತರ ಆಳನ್ನು ನಿಯಮಿಸುವುದೇ ಈ ಕ್ರಮದ ತಿರುಳು. ದಕ್ಷಿಣದೇಶದ ವೈದ್ಯಶಾಲೆಗಳಿಗೂ ಇದೇ ಕ್ರಮವು ಅನ್ವಯಿಸುತ್ತಿದ್ದಿತೆಂಬುದಕ್ಕೆ ಚೋಳ ವೀರರಾಜೇಂದ್ರನ ಕಾಲದ ತಿರುಮುಕ್ಕೂಡಲ್ ಶಾಸನವು ಸಾಕ್ಷಿಯಾಗಿದೆ. ಹನ್ನೊಂದನೆಯ ಶತಮಾನದ ಆ ಲೇಖವು 15 ಹಾಸಿಗೆಗಳ ಆತುರಶಾಲೆಯೊಂದಕ್ಕೆ ವೈದ್ಯನೊಬ್ಬ, ಶಸ್ತ್ರಚಿಕಿತ್ಸಕನೊಬ್ಬ, ಮೂಲಿಕೆಗಳನ್ನು ತರುವ ಆಳುಗಳು, ಶುಶ್ರೂಷೆ ಮಾಡುವ ಹೆಂಗಸರು, ಇವರೆಲ್ಲರನ್ನೂ ಅವರವರ ಜೀವಿತದೊಡನೆ ನಿರ್ದೇಶಿಸುತ್ತದೆ. ಕನ್ನಡನಾಡಿನಲ್ಲಿ ಬಳ್ಳಿಗಾವೆಯ ಕೋಡಿಯ ಮಠವು ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವಾಗಿದ್ದಿತೆಂದು 1162ರ ಶಾಸನದಿಂದ ತಿಳಿದುಬರುತ್ತದೆ.

ಆಧುನಿಕ ಗ್ರಾಮಾರೋಗ್ಯ ವ್ಯವಸ್ಥೆಯಾದರೋ ಬೇರೊಂದು ಮಾನದಂಡವನ್ನು ಹಿಡಿದು ಬೆಳೆಯಿತು. ಅದು ತಲೆಯೆಣಿಕೆ. ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ರಾಕೆಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿಯೇ ಮಂಡ್ಯದಲ್ಲಿ ಆರೋಗ್ಯಘಟಕವು ಸ್ಥಾಪಿತವಾಯಿತು. ಅಖಿಲ ಭಾರತಕ್ಕೆ ಮಾನವನ್ನು ಕಟ್ಟಿಕೊಟ್ಟದ್ದು 1946ರ ಭೋರ್ ಸಮಿತಿಯ ವರದಿ. 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೆ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು, ಇವೇ ಮೊದಲಾದ ಸಿಬ್ಬಂದಿ ಇರತಕ್ಕದ್ದೆಂದು ಅದು ತತ್ಕಾಲಕ್ಕೆ ಸೂಚಿಸಿತು.

ತಲೆಯೆಣಿಕೆಯ ಕೊರತೆಯು ಮಲೇರಿಯಾ ನಿರ್ಮೂಲನ ಕಾರ್ಯದಲ್ಲಿ ಪ್ರಕಟವಾಯಿತು. 1958ರಲ್ಲಿ ಆರಂಭವಾದ ಆ ಯೋಜನೆಯಲ್ಲಿ 10,000 ಜನರಿಗೊಬ್ಬ ಕಾರ್ಯಕರ್ತನು ಹದಿನೈದು ದಿನಗಳಿಗೊಮ್ಮೆ ಪ್ರತಿಯೊಂದು ಮನೆಗೂ ಹೋಗಿ ಜ್ವರಪೀಡಿತರನ್ನು ವಿಚಾರಿಸಬೇಕಾಗಿದ್ದಿತು. ಮನೆಯೊಂದಕ್ಕೆ ಐವರಂತೆ ಗಣಿಸಿದರೆ 2,000 ಮನೆಗಳಾಗುತ್ತವೆ. ಕೆಲಸದ ದಿನಗಳು ಹನ್ನೆರಡೆಂದರೆ ದಿನವೊಂದಕ್ಕೆ 160ಕ್ಕೂ ಮೇಲ್ಪಟ್ಟ ಮನೆಗಳು. ದಿನಕ್ಕೆ ಏಳು ಗಂಟೆ ದುಡಿದರೂ, ನಡೆಯುವ ಹೊತ್ತು ಸೇರಿ, ಮನೆಯೊಂದಕ್ಕೆ ಎರಡೂವರೆ ನಿಮಿಷಗಳಷ್ಟೇ ಮಿಗುತ್ತವೆ. 1963ರ ಛಡ್ಡಾ ಸಮಿತಿಯು ಭೇಟಿಯನ್ನು ತಿಂಗಳಿಗೊಮ್ಮೆ ಎಂದು ಸಡಿಲಿಸಿ, ಅದೇ ಕಾರ್ಯಕರ್ತನಿಗೆ ಜನನ ಮರಣಗಳ ಲೆಕ್ಕವನ್ನೂ ಕುಟುಂಬ ಯೋಜನೆಯನ್ನೂ ಒಪ್ಪಿಸಿತು. ಎರಡು ಕೆಲಸಗಳಿಗೂ ನ್ಯಾಯ ಸಲ್ಲುತ್ತಿಲ್ಲವೆಂದು 1965ರಲ್ಲಿ ಮುಖರ್ಜಿ ಸಮಿತಿಯು ಅವುಗಳನ್ನು ಬೇರ್ಪಡಿಸಿತು. 1973ರ ಕರ್ತಾರ್ ಸಿಂಗ್ ಸಮಿತಿಯು ಮರಳಿ ಒಂದುಗೂಡಿಸಿ, ವಿವಿಧೋದ್ದೇಶ ಕಾರ್ಯಕರ್ತರೆಂಬ ವರ್ಗವನ್ನು ನಿರ್ಮಿಸಿ, 3,000ದಿಂದ 3,500 ಜನರಿಗೊಂದು ಉಪಕೇಂದ್ರವನ್ನು ಸೂಚಿಸಿತು. ಹತ್ತು ವರ್ಷಗಳೊಳಗೆ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದ ಈ ಇತಿಹಾಸದಿಂದ ತಿಳಿಯಬರುವುದೇನೆಂದರೆ, ಹೊರೆಯು ಒಂದು ಹೆಗಲಿನಿಂದ ಮತ್ತೊಂದಕ್ಕೆ ಸ್ಥಳಾಂತರ ಹೊಂದಿತೇ ಹೊರತು, ಅದರ ತೂಕವು ನಿಶ್ಚಯಿಸಲ್ಪಡಲಿಲ್ಲ.

ಅನಂತರ ಬಂದ ಮಾನದಲ್ಲಿ ಬಯಲು ಪ್ರದೇಶಕ್ಕೆ 5,000, ಗುಡ್ಡಗಾಡಿಗೆ 3,000 ಜನರಿಗೊಂದು ಉಪಕೇಂದ್ರವೆಂದಾಯಿತು. ದಾರಿಯ ದುರ್ಗಮತೆಯೂ ಕೆಲಸದ ಭಾಗವೆಂಬ ತತ್ತ್ವವು ಇಲ್ಲಿ ಅಂಗೀಕೃತವಾಗಿದೆ. ಆದರೆ ಭೂಮಿಯು ಎರಡೇ ಬಗೆಯಾಗಿಲ್ಲ. ಹಾಸನ ಜಿಲ್ಲೆಯನ್ನೇ ನೋಡಬಹುದು. ಅರಸೀಕೆರೆಯು ಕೆರೆಯ ನೀರನ್ನೂ ಮಳೆಯನ್ನೂ ನೆಚ್ಚಿದ, ತೆಂಗು ರಾಗಿಗಳ ಬಯಲುಸೀಮೆ. ರೈಲ್ವೆ ಸಂಧಿಸ್ಥಾನವಾದ್ದರಿಂದ ಬಂದುಹೋಗುವ ಜನರೂ ಅಲ್ಲಿ ಹೆಚ್ಚು. ಬೇಲೂರು ತಾಲ್ಲೂಕಿನ ಪಶ್ಚಿಮಭಾಗವು ಕಾಫಿತೋಟಗಳ ಅರೆಮಲೆನಾಡು. ತೋಟದ ಕೂಲಿಯ ಕುಟುಂಬಗಳು ಕೆಲಸವಿದ್ದ ಕಡೆಗೆ ಸಾಗುವುದರಿಂದ, ಮಗುವಿನ ಮೊದಲ ಚುಚ್ಚುಮದ್ದು ಒಂದೂರಿನಲ್ಲಿಯೂ ಎರಡನೆಯದು ಬೇರೊಂದೂರಿನಲ್ಲಿಯೂ ಆಗಬೇಕಾದ ಸಂದರ್ಭಗಳುಂಟು. ಅದೇ ತಾಲ್ಲೂಕಿನ ಹಳೇಬೀಡು ಈ ಎರಡು ಸೀಮೆಗಳ ನಡುವೆ ನಿಂತಿದೆ. ಮುಂಗಾರಿನಲ್ಲಿ ಒಂಟಿಮನೆಗಳನ್ನು ಅರಸಿ ನಡೆಯುವವಳಿಗೂ, ಒತ್ತಾಗಿ ಕಟ್ಟಿದ ಬಯಲುಗ್ರಾಮದ ಬೀದಿಯಲ್ಲಿ ನಡೆಯುವವಳಿಗೂ ಜನಸಂಖ್ಯೆ ಸಮವೆಂದ ಮಾತ್ರಕ್ಕೆ ಶ್ರಮವು ಸಮವಾಗದು.

ಈ ನ್ಯೂನತೆಗೆ ಪರಿಹಾರವಾಗಿ ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಒಂದು ಗಣನಕ್ರಮವನ್ನು ಪ್ರಕಟಿಸಿ, 2010ರಲ್ಲಿ ಪರಿಷ್ಕರಿಸಿತು. ವರ್ಷದಲ್ಲಿ ದೊರೆಯುವ ಕೆಲಸದ ಕಾಲವನ್ನು ಮೊದಲು ಕಂಡುಹಿಡಿದು, ಒಂದೊಂದು ಕೆಲಸವನ್ನು ಸರಿಯಾಗಿ ಮಾಡಲು ಬೇಕಾದ ಹೊತ್ತಿನಿಂದ ಅದನ್ನು ಭಾಗಿಸುವುದು ಇದರ ಸಾರ. ನಿದರ್ಶನಕ್ಕಾಗಿ, ರಜೆಗಳನ್ನು ಕಳೆದು 250 ದಿನ, ದಿನಕ್ಕೆ ಏಳು ಗಂಟೆಯಂತೆ 1,750 ಗಂಟೆಗಳೆಂದು ಇಟ್ಟುಕೊಳ್ಳಬಹುದು. ಮಾತುಕತೆಗೆ ಅರ್ಧ ಗಂಟೆ, ದಾರಿಗೆ ಅರ್ಧ ಗಂಟೆಯಾದರೆ ವರ್ಷಕ್ಕೆ 1,750 ಭೇಟಿಗಳು ಸಾಧ್ಯ. ದಾರಿಯೇ ಒಂದು ಗಂಟೆಯಾದರೆ ಅವು 1,166ಕ್ಕೆ ಇಳಿಯುತ್ತವೆ. 5,000 ಜನರ 1,000 ಮನೆಗಳಿಗೆ ವರ್ಷಕ್ಕೆ ಎರಡಾವೃತ್ತಿ ಹೋಗಬೇಕಾದರೆ, ಮೊದಲನೆಯ ಊರಿನಲ್ಲಿ ಒಬ್ಬಳ ಶಕ್ತಿಯನ್ನು ಸ್ವಲ್ಪ ಮೀರುವ ಕೆಲಸವು ಎರಡನೆಯ ಊರಿನಲ್ಲಿ ಇಬ್ಬರಿಗೆ ಸಮೀಪವಾಗುತ್ತದೆ. ಚುಚ್ಚುಮದ್ದು, ಬಸುರಿಯರ ತಪಾಸಣೆ, ದಾಖಲೆಪುಸ್ತಕಗಳ ಬರವಣಿಗೆ ಇವು ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಸಾವಿರ ಜನರಿಗೊಬ್ಬಳಂತೆ ಆಶಾ ಕಾರ್ಯಕರ್ತೆಯು ಈ ವ್ಯವಸ್ಥೆಗೆ ಸೇರಿದಳು. ಸ್ವಯಂಸೇವಕಿಯೆಂದು ಹೆಸರಿಸಲ್ಪಟ್ಟ ಅವಳಿಗೆ ಸಂದಾಯವಾಗುವುದರಲ್ಲಿ ಒಂದು ಭಾಗವು ಒಂದೊಂದು ಕಾರ್ಯಕ್ಕೆ ಇಂತಿಷ್ಟೆಂದು ಗೊತ್ತುಮಾಡಿದ ಪ್ರೋತ್ಸಾಹಧನ. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದದ್ದು ಲೆಕ್ಕಕ್ಕೆ ಬರುತ್ತದೆ. ಒಲ್ಲೆನೆಂದ ಮನೆಯ ಬಾಗಿಲಿಗೆ ನಾಲ್ಕು ಸಲ ಹೋಗಿ ಒಪ್ಪಿಸಿದ್ದಕ್ಕೆ ಅಂಕಣವಿಲ್ಲ. ಕಾಲವನ್ನು ಅಳೆಯುವ ಕ್ರಮದಲ್ಲಿಯೂ ಎಚ್ಚರಿಕೆ ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ: ದಾಖಲೆಯಲ್ಲಿ ಇಲ್ಲದ ಕೆಲಸವು ಗಣನೆಗೂ ಸಿಕ್ಕದು.

ಅಳತೆಯಿಲ್ಲದಲ್ಲಿ ಹೊರೆಯ ದೋಷವು ಹೊತ್ತವಳ ದೋಷವಾಗಿ ಪರಿಣಮಿಸುತ್ತದೆ. ನೆರೆಯ ಉಪಕೇಂದ್ರದ ತೆರವಾದ ಸ್ಥಾನವನ್ನೂ ನೋಡಿಕೊಳ್ಳುವವಳ ಪಟ್ಟಿಯಲ್ಲಿ ಮಗುವೊಂದು ಬಿಟ್ಟುಹೋದರೆ, ಅದು ಅಲಕ್ಷ್ಯವೆನ್ನಿಸಿಕೊಳ್ಳುವುದೇ ವಿನಾ ಅಸಾಧ್ಯವೆನ್ನಿಸಿಕೊಳ್ಳದು. ಬಿಟ್ಟುಹೋದ ಆ ಮಗುವಿಗೂ ಕಾರಣವು ತಿಳಿಯದು. ಹಿಂದಿನ ದಾನಿಗಳು ಸೇವೆಯನ್ನು ಎಣಿಸಿ ವೃತ್ತಿಯನ್ನು ಬಿಟ್ಟಂತೆ, ಊರಿನ ದಾರಿ, ಮಳೆ, ಮನೆಗಳ ಅಂತರ ಇವನ್ನೆಲ್ಲ ಎಣಿಸಿ ಆಳನ್ನು ನಿಯಮಿಸುವುದೇ ನ್ಯಾಯವಾದ ಕ್ರಮವೆಂದು ಹೇಳಬೇಕಾಗುತ್ತದೆ.